ಒಂದು ಟಿಎಂಸಿಗೆ ಎಷ್ಟು ಲೀಟರು: ದೊಡ್ಡ ಸಂಖ್ಯೆಯೊಂದನ್ನು ಕೈಲೆಕ್ಕದಲ್ಲಿ ಬಿಡಿಸುವ ಕ್ರಮ

ಮುಂಗಾರಿನಲ್ಲಿ ಕೃಷ್ಣೆ ತುಂಬಿ ಹರಿಯತೊಡಗಿತೆಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಲಮಟ್ಟಿ ಜಲಾಶಯದ ಅಂಕಿಗಳು ದಿನವೂ ಅಚ್ಚಾಗುತ್ತವೆ. ನೀರಿನ ಮಟ್ಟ ಮೀಟರಿನಲ್ಲಿ, ಒಳಹರಿವು ಮತ್ತು ಹೊರಹರಿವು ಕ್ಯುಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ ಇರುತ್ತದೆ. ಟಿಎಂಸಿ ಎಂದರೆ ಶತಕೋಟಿ ಘನ ಅಡಿ ಎಂಬುದು ಓದುಗರಲ್ಲಿ ಅನೇಕರಿಗೆ ಗೊತ್ತು. ಆದರೆ ಮನೆಯ ಕೊಡ, ಟಾಕಿ, ಟ್ಯಾಂಕರುಗಳೆಲ್ಲ ಲೀಟರಿನ ಲೆಕ್ಕದವು. ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳುವ ನನಗೆ ನಿಡಗುಂದಿ ಕಡೆಯ ಹುಡುಗನೊಬ್ಬ ತರಗತಿಯಲ್ಲಿ ಎದ್ದುನಿಂತು, "ಸರ್, ಒಂದ ಟಿಎಂಸಿ ಅಂದ್ರ ಎಷ್ಟ ಲೀಟರ್ ಆಕ್ಕೈತ್ರಿ?" ಎಂದು ಕೇಳಿದ. ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದೆ: 28,31,68,46,592. ಎರಡು ಸಾವಿರದ ಎಂಟುನೂರ ಮೂವತ್ತೊಂದು ಕೋಟಿ ಅರವತ್ತೆಂಟು ಲಕ್ಷ ನಲವತ್ತಾರು ಸಾವಿರದ ಐದುನೂರ ತೊಂಬತ್ತೆರಡು.

ಈ ಸಂಖ್ಯೆ ಅಂದಾಜಿನದಲ್ಲ, ಕೊನೆಯ ಬಿಡಿಯವರೆಗೂ ಪಕ್ಕಾ ಆದದ್ದು. ಅದು ಹೇಗೆ ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಇಂಥ ಹನ್ನೊಂದಂಕಿಯ ಸಂಖ್ಯೆಯೊಂದು ಎಲ್ಲಿಂದಲೋ ನಮ್ಮ ಕೈಗೆ ಬಂದಿದೆ, ಅದರ ಹುಟ್ಟು ನಮಗೆ ಗೊತ್ತಿಲ್ಲ ಎಂದು ಭಾವಿಸಿಕೊಂಡು, ಪೆನ್ನು, ಹಾಳೆ ಮತ್ತು ಹೆಚ್ಚೆಂದರೆ ಅಂಗಡಿಯವರು ಇಟ್ಟುಕೊಳ್ಳುವ ಹನ್ನೆರಡಂಕಿಯ ಕ್ಯಾಲ್ಕುಲೇಟರಿನ ನೆರವಿನಿಂದ ಅದರ ಗುಣಗಳನ್ನು ಹೇಗೆ ಹೊರತೆಗೆಯಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಹತ್ತನೆಯ ತರಗತಿಯ ಗಣಿತ ನೆನಪಿದ್ದರೆ ಸಾಕು.

ಮೊದಲು ನಕಲು ಸರಿಯಿದೆಯೇ ನೋಡಿ

ಭಾಗಾಕಾರಕ್ಕೆ ಕೈಹಚ್ಚುವ ಮೊದಲು ಸಂಖ್ಯೆಯನ್ನು ಸರಿಯಾಗಿ ಬರೆದುಕೊಂಡಿದ್ದೇವೆಯೇ ಎಂದು ಪರೀಕ್ಷಿಸಬೇಕು. ಇದು ಹೇಳಲೇಬೇಕಾದ ಮಾತೇ ಎಂದು ಅನಿಸಬಹುದು, ನನಗೂ ಅನಿಸಿತ್ತು. ಆ ದಿನ ಸಂಜೆ ಮನೆಯಲ್ಲಿ ಇದೇ ಸಂಖ್ಯೆಯನ್ನು ಮೊಬೈಲಿನಿಂದ ಕಚ್ಚಾ ನೋಟುಪುಸ್ತಕಕ್ಕೆ ಇಳಿಸಿಕೊಳ್ಳುವಾಗ ನಡುವಿನ 84 ಅನ್ನು 48 ಎಂದು ಬರೆದುಬಿಟ್ಟೆ. ಅಂಕಿಗಳನ್ನು ಕೂಡಿದೆ, 54 ಬಂತು. 9ರಿಂದ ಭಾಗವಾಗುತ್ತದೆ, ಸರಿಯಿದೆ ಎಂದು ಮುಂದುವರಿದೆ. ಆದರೆ ಅಂಕಿಗಳ ಸ್ಥಾನ ಅದಲುಬದಲಾದರೆ ಅವುಗಳ ಮೊತ್ತ ಬದಲಾಗುವುದಿಲ್ಲವಾದ್ದರಿಂದ, ಒಂಬತ್ತರ ಪರೀಕ್ಷೆ ಇಂಥ ತಪ್ಪನ್ನು ಎಂದಿಗೂ ಹಿಡಿಯುವುದಿಲ್ಲ. ನನ್ನ ತಪ್ಪು ಸಂಖ್ಯೆ 2ರಿಂದ ಆರು ಸಲ, 3ರಿಂದ ಎರಡು ಸಲ ಭಾಗವಾಗಿ 4,91,60,567 ಎಂಬಲ್ಲಿ ನಿಂತಿತು. ಬಹಳ ಹೊತ್ತಿನ ಮೇಲೆ 43 ಸಿಕ್ಕಾಗ ಹಿಗ್ಗಿದೆ. ಉಳಿದ 11,43,269 ಎಂಬುದು 127ರವರೆಗಿನ ಯಾವ ಅವಿಭಾಜ್ಯಕ್ಕೂ ಜಗ್ಗಲಿಲ್ಲ. ಎರಡು ಹಾಳೆ ತುಂಬಿದ ಮೇಲೆಯೇ ಮೊಬೈಲನ್ನು ಮತ್ತೊಮ್ಮೆ ನೋಡಿದ್ದು.

ಹೀಗಾಗದಿರಲು ಹನ್ನೊಂದರ ಪರೀಕ್ಷೆಯನ್ನೂ ಮಾಡಬೇಕು. ಬಿಡಿಸ್ಥಾನದಿಂದ ಎಡಕ್ಕೆ ಹೋಗುತ್ತ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆಯಬೇಕು. ಸರಿಯಾದ ಸಂಖ್ಯೆಗೆ 2−9+5−6+4−8+6−1+3−8+2 ಎಂದರೆ −10 ಬರುತ್ತದೆ. ಅದಕ್ಕೆ 11 ಕೂಡಿಸಿದರೆ ಶೇಷ 1. ನನ್ನ ತಪ್ಪು ನಕಲಿಗೆ ಇದೇ ಲೆಕ್ಕ −2, ಅಂದರೆ ಶೇಷ 9. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದಾಗ ಈ ಶೇಷ ಬದಲಾಗಲೇಬೇಕು. ಆದ್ದರಿಂದ ಮೂಲದಿಂದ ಒಮ್ಮೆ, ನಕಲಿನಿಂದ ಒಮ್ಮೆ ಎರಡೂ ಪರೀಕ್ಷೆಗಳ ಶೇಷವನ್ನು ತೆಗೆದು ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎರಡು ನಿಮಿಷದ ಕೆಲಸ, ಒಂದು ಸಂಜೆ ಉಳಿಯುತ್ತದೆ.

ಸಣ್ಣ ಅವಿಭಾಜ್ಯಗಳನ್ನು ಕಳಚುವುದು

ಈಗ ಭಾಗಾಕಾರ. ಸಮಸಂಖ್ಯೆಯಾದ್ದರಿಂದ 2ರಿಂದ ಆರಂಭಿಸಿ, ಬೆಸಸಂಖ್ಯೆ ಸಿಗುವವರೆಗೆ ಅರ್ಧ ಮಾಡುತ್ತ ಹೋಗಬೇಕು. 28316846592ರ ಅರ್ಧ 14158423296. ಅಲ್ಲಿಂದ ಮುಂದೆ 7079211648, 3539605824, 1769802912, 884901456, 442450728, 221225364, 110612682, ಕೊನೆಗೆ 55306341. ಒಂಬತ್ತು ಸಲ ಅರ್ಧವಾಯಿತು, ಅಂದರೆ 2ರ ಘಾತಾಂಕ 9. ಅರ್ಧಗಳನ್ನು ಒಂದರ ಕೆಳಗೊಂದು ಬಲಗಡೆ ಸಾಲುಹಿಡಿದು ಬರೆಯಿರಿ, ಪ್ರತಿ ಸಾಲಿಗೂ ಕ್ರಮಸಂಖ್ಯೆ ಹಾಕಿರಿ. ಎಷ್ಟು ಸಲ ಅರ್ಧ ಮಾಡಿದೆವೆಂಬುದನ್ನು ಬಾಯಿಲೆಕ್ಕದಲ್ಲಿ ಇಟ್ಟುಕೊಂಡವರು ಒಂದು ಹೆಚ್ಚೋ ಒಂದು ಕಡಿಮೆಯೋ ಎಣಿಸುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ.

55306341ರ ಅಂಕಿಗಳ ಮೊತ್ತ 27. 3ರಿಂದ ಭಾಗಿಸಿದರೆ 18435447, ಮತ್ತೆ 6145149, ಮತ್ತೆ 2048383. ಈಗ ಅಂಕಿಗಳ ಮೊತ್ತ 28. ಇನ್ನು 3 ಹೋಗುವುದಿಲ್ಲ. ಹೀಗೆ 3ರ ಘಾತಾಂಕ 3.

ಇಲ್ಲಿ ಒಂದು ಎಚ್ಚರಿಕೆ. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ, 9ರಿಂದ ಭಾಗವಾದರೂ ಹಾಗೆಯೇ. ಆದ್ದರಿಂದ 27ಕ್ಕೂ ಅದೇ ನಿಯಮ ನಡೆಯುತ್ತದೆಂದು ಹಲವರು ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ನಡೆಯುವುದಿಲ್ಲ. ನನ್ನ ತಪ್ಪು ನಕಲೇ ಅದಕ್ಕೆ ಸಾಕ್ಷಿ: ಅದರ ಅಂಕಿಗಳ ಮೊತ್ತ 54, ಅದು 27ರ ಎರಡರಷ್ಟು, ಆದರೂ ಆ ಸಂಖ್ಯೆ 3ರಿಂದ ಎರಡೇ ಸಲ ಭಾಗವಾಯಿತು. 27ಕ್ಕೆ ಬೇಕಾದದ್ದು ಮೂರಂಕಿಗಳ ಗುಂಪು. 999 ಎಂಬುದು 27 ಮತ್ತು 37ರ ಗುಣಲಬ್ಧವಾದ್ದರಿಂದ, ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಕೂಡಿದರೆ 27 ಮತ್ತು 37 ಎರಡಕ್ಕೂ ಒಂದೇ ಏಟಿಗೆ ಉತ್ತರ ಸಿಗುತ್ತದೆ. ನಮ್ಮ ಸಂಖ್ಯೆಗೆ 28+316+846+592 ಎಂದರೆ 1782. ಅದು 27ರ 66ರಷ್ಟು, 37ಕ್ಕೆ ಹೋಗದು. ತಪ್ಪು ನಕಲಿಗೆ 28+316+486+592 ಎಂದರೆ 1422, 27ಕ್ಕೆ ಹೋಗದು. ಅಂದರೆ ಈ ಒಂದು ಕೂಡುಲೆಕ್ಕ ಮಾಡಿದ್ದರೂ ನನ್ನ ತಪ್ಪು ಅಂದೇ ಬಯಲಾಗುತ್ತಿತ್ತು.

ಅದೇ ಮೂರಂಕಿ ಗುಂಪುಗಳನ್ನು ಕೂಡುವ ಬದಲು ಬಲದಿಂದ ಒಂದು ಬಿಟ್ಟು ಒಂದು ಕಳೆದರೆ 7, 11, 13 ಈ ಮೂರಕ್ಕೂ ಪರೀಕ್ಷೆ ಆಗುತ್ತದೆ, ಏಕೆಂದರೆ 7×11×13 ಎಂದರೆ 1001. ಉಳಿದಿರುವ 2048383ಕ್ಕೆ 383−48+2 ಎಂದರೆ 337. ಇದನ್ನು 7ರಿಂದ ಭಾಗಿಸಿದರೆ ಶೇಷ 1, 11ರಿಂದ 7, 13ರಿಂದ 12. ಮೂರೂ ಹೋಗವು. ಬಿಡಿಸ್ಥಾನದಲ್ಲಿ 3 ಇರುವುದರಿಂದ 5ರ ಮಾತೇ ಇಲ್ಲ.

ಗಟ್ಟಿ ಕಾಳು

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. 2048383ರ ವರ್ಗಮೂಲ 1431ಕ್ಕಿಂತ ತುಸು ಹೆಚ್ಚು. ಸಂಖ್ಯೆ ಅವಿಭಾಜ್ಯವಲ್ಲದಿದ್ದರೆ ಅಷ್ಟರೊಳಗೆ ಅದರದೊಂದು ಅವಿಭಾಜ್ಯ ಅಪವರ್ತನ ಸಿಗಲೇಬೇಕು. 17ರಿಂದ ಭಾಗಿಸಿದರೆ ಶೇಷ 2, 19ರಿಂದ 12, 23ರಿಂದ 3, 29ರಿಂದ 26, 31ರಿಂದ 27. ಹೀಗೆ 113ರವರೆಗೆ ಇಪ್ಪತ್ನಾಲ್ಕು ಅವಿಭಾಜ್ಯಗಳು ವಿಫಲವಾದ ಮೇಲೆ ಇಪ್ಪತ್ತೈದನೆಯದು ಗೆಲ್ಲುತ್ತದೆ. ತಾಳ್ಮೆಯಿದ್ದವರಿಗೆ ಇದೂ ದಾರಿಯೇ, ತಪ್ಪೇನಿಲ್ಲ. ಆದರೆ ಭಾಗಾಕಾರಕ್ಕೆ ಇಳಿಯುವ ಮೊದಲು ಈವರೆಗೆ ಸಿಕ್ಕ ಘಾತಾಂಕಗಳನ್ನು ಒಮ್ಮೆ ದಿಟ್ಟಿಸಿ ನೋಡಬೇಕು. 2ರ ಘಾತಾಂಕ 9, 3ರ ಘಾತಾಂಕ 3. ಎರಡೂ 3ರ ಅಪವರ್ತ್ಯಗಳು. ಹಾಗಿದ್ದರೆ ಇಡೀ ಸಂಖ್ಯೆಯೇ ಯಾವುದೋ ಒಂದರ ಘನವಾಗಿರಬಹುದೇ ಎಂಬ ಸಂಶಯ ಏಳಬೇಕು. ದೊಡ್ಡ ಸಂಖ್ಯೆಯನ್ನು ಬಿಡಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ಸಂಶಯ. ಭಾಗಾಕಾರದ ವೇಗ ಅದರ ಮುಂದೆ ದೊಡ್ಡದಲ್ಲ.

ಸಂಶಯಕ್ಕೆ ಆಧಾರವಿದೆಯೇ ಎಂದು ತಿಳಿಯಲು ಎರಡು ಜರಡಿಗಳಿವೆ. ಯಾವ ಪೂರ್ಣಘನವನ್ನೇ ಆಗಲಿ 9ರಿಂದ ಭಾಗಿಸಿದರೆ ಶೇಷ 0, 1 ಅಥವಾ 8 ಮಾತ್ರ ಬರುತ್ತದೆ. 7ರಿಂದ ಭಾಗಿಸಿದರೆ 0, 1 ಅಥವಾ 6 ಮಾತ್ರ. 2048383ರ ಅಂಕಿಗಳ ಮೊತ್ತ 28, ಆದ್ದರಿಂದ 9ರ ಶೇಷ 1. 7ರ ಶೇಷವೂ 1 ಎಂದು ಆಗಲೇ ನೋಡಿದ್ದೇವೆ. ಎರಡೂ ಜರಡಿಗಳಲ್ಲಿ ಸಂಖ್ಯೆ ಉಳಿಯಿತು. ಯಾವುದೋ ಒಂದು ಸಂಖ್ಯೆ ಸುಮ್ಮನೆ ಈ ಎರಡನ್ನೂ ದಾಟುವ ಸಂಭವ ಏಳರಲ್ಲಿ ಒಂದು ಮಾತ್ರ. ಇದರಿಂದ ಏನೂ ಸಿದ್ಧವಾಗುವುದಿಲ್ಲವಾದರೂ ಘನಮೂಲ ತೆಗೆದು ನೋಡಲು ಇಷ್ಟು ಧೈರ್ಯ ಸಾಕು.

ಘನಮೂಲದ ಊಹೆ ಎಂಟನೆಯ ತರಗತಿಯದೇ. ಬಿಡಿಸ್ಥಾನದಲ್ಲಿ 3 ಇರಬೇಕಾದರೆ ಮೂಲದ ಬಿಡಿಸ್ಥಾನದಲ್ಲಿ 7 ಇರಬೇಕು, ಏಕೆಂದರೆ ಹತ್ತು ಅಂಕಿಗಳಲ್ಲಿ 7ರ ಘನ ಮಾತ್ರ 3ರಲ್ಲಿ ಕೊನೆಗೊಳ್ಳುತ್ತದೆ. ಕೊನೆಯ ಮೂರಂಕಿ ಬಿಟ್ಟರೆ ಉಳಿಯುವುದು 2048. ಅದು 12ರ ಘನವಾದ 1728ಕ್ಕೂ 13ರ ಘನವಾದ 2197ಕ್ಕೂ ನಡುವೆ ಇದೆ. ಆದ್ದರಿಂದ ಮೂಲವು ಇದ್ದದ್ದೇ ಆದರೆ 127. ಗುಣಿಸಿ ನೋಡಿ: 127×127 ಎಂದರೆ 16129, ಅದನ್ನು ಮತ್ತೆ 127ರಿಂದ ಗುಣಿಸಿದರೆ 20,48,383. ಈ ಕೊನೆಯ ಗುಣಾಕಾರವನ್ನು ಯಾವ ಕಾರಣಕ್ಕೂ ಬಿಡಬಾರದು, ಏಕೆಂದರೆ ಮೇಲಿನ ಊಹೆ ಪೂರ್ಣಘನವಲ್ಲದ ಸಂಖ್ಯೆಗೂ ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತದೆ. 127 ಅವಿಭಾಜ್ಯವೇ ಎಂದು ನೋಡಲು 11ರವರೆಗೆ ಪರೀಕ್ಷಿಸಿದರೆ ಸಾಕು. 2, 3, 5, 7, 11 ಯಾವುದೂ ಹೋಗದು.

ಹೀಗೆ ನಮ್ಮ ಸಂಖ್ಯೆ 2ರ 9ನೆಯ ಘಾತ, 3ರ 3ನೆಯ ಘಾತ, 127ರ 3ನೆಯ ಘಾತ ಇವುಗಳ ಗುಣಲಬ್ಧ. ಮೂರೂ ಘಾತಾಂಕಗಳನ್ನು 3ರಿಂದ ಭಾಗಿಸಿದರೆ 8×3×127, ಅಂದರೆ 3048. ಒಂದು ಟಿಎಂಸಿಯ ಲೀಟರುಗಳ ಸಂಖ್ಯೆ 3048ರ ಘನ.

ಹುಟ್ಟು

ಈಗ ಬದಿಗಿಟ್ಟಿದ್ದ ಪ್ರಶ್ನೆಗೆ ಬರೋಣ. ಶತಕೋಟಿ ಘನ ಅಡಿ ಎಂದರೆ ಉದ್ದ, ಅಗಲ, ಎತ್ತರ ಮೂರೂ ಸಾವಿರ ಸಾವಿರ ಅಡಿ ಇರುವ ಒಂದು ಟಾಕಿ. ಅಮೆರಿಕ, ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳು ಒಪ್ಪಿಕೊಂಡ ಪ್ರಕಾರ 1959ರಿಂದ ಒಂದು ಗಜ ಎಂದರೆ 0.9144 ಮೀಟರ್, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದ್ದರಿಂದ ಒಂದು ಅಡಿ 0.3048 ಮೀಟರ್, ಒಂದು ಅಂಗುಲ 2.54 ಸೆಂಟಿಮೀಟರ್. ಸಾವಿರ ಅಡಿ ಎಂದರೆ 304.8 ಮೀಟರ್, ಡೆಸಿಮೀಟರಿನಲ್ಲಿ 3048. ಒಂದು ಡೆಸಿಮೀಟರಿನ ಘನವೇ ಒಂದು ಲೀಟರು. ಟಾಕಿಯ ಪ್ರತಿ ಅಂಚಿನಲ್ಲೂ 3048 ಲೀಟರು ಸಾಲಾಗಿ ನಿಂತಿವೆ ಎಂದುಕೊಂಡರೆ ಘನ ತಾನಾಗಿ ಕಣ್ಣಿಗೆ ಬೀಳುತ್ತದೆ. 127 ಎಲ್ಲಿಂದ ಬಂತು ಎಂಬುದೂ ಈಗ ಸ್ಪಷ್ಟ: 254 ಎಂದರೆ 127ರ ಎರಡರಷ್ಟು. ಅಂಗುಲವನ್ನು 2.5 ಸೆಂಟಿಮೀಟರೆಂದು ನಿಗದಿ ಮಾಡಿದ್ದರೆ ಟಿಎಂಸಿ 3000ದ ಘನವಾಗಿ, ಬಿಡಿಸುವುದಕ್ಕೆ ಏನೂ ಉಳಿಯದ ಸಪ್ಪೆ ಸಂಖ್ಯೆಯಾಗುತ್ತಿತ್ತು.

ಲೀಟರಿನ ವ್ಯಾಖ್ಯೆಯೂ ಸದಾ ಹೀಗೆಯೇ ಇರಲಿಲ್ಲ. 1901ರಿಂದ 1964ರವರೆಗೆ ಲೀಟರು ಎಂದರೆ ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಸುವ ಜಾಗ. ಅದು ಘನ ಡೆಸಿಮೀಟರಿಗಿಂತ ಹತ್ತು ಲಕ್ಷಕ್ಕೆ 28 ಭಾಗದಷ್ಟು ದೊಡ್ಡದಾಗಿತ್ತು. ಆ ಲೀಟರಿನಲ್ಲಿ ಅಳೆದಿದ್ದರೆ ಟಿಎಂಸಿಗೆ ಸುಮಾರು 7 ಲಕ್ಷ 93 ಸಾವಿರ ಲೀಟರು ಕಡಿಮೆ ಬರುತ್ತಿತ್ತು, ಮತ್ತು ನಾವು ಇಷ್ಟು ಹೊತ್ತು ಬಿಡಿಸಿದ ಯಾವ ಗುಣವೂ ಇರುತ್ತಿರಲಿಲ್ಲ.

ಅಪವರ್ತನಗಳಿಂದ ಸಿಗುವುದು

ಅವಿಭಾಜ್ಯ ಅಪವರ್ತನ ಕೈಗೆ ಬಂದ ಮೇಲೆ ಮಿಕ್ಕ ಗುಣಗಳಿಗೆ ಹೆಚ್ಚು ಶ್ರಮವಿಲ್ಲ. ಒಟ್ಟು ಎಷ್ಟು ಭಾಜಕಗಳಿವೆ ಎಂದು ತಿಳಿಯಲು ಪ್ರತಿ ಘಾತಾಂಕಕ್ಕೂ ಒಂದು ಕೂಡಿಸಿ ಗುಣಿಸಬೇಕು: 10×4×4, ಅಂದರೆ 160. ಒಂದು ಭಾಜಕವನ್ನು ಕಟ್ಟುವಾಗ 2ನ್ನು ಸೊನ್ನೆಯಿಂದ ಒಂಬತ್ತು ಸಲದವರೆಗೆ ಹತ್ತು ಬಗೆಯಲ್ಲಿ, 3 ಮತ್ತು 127ನ್ನು ತಲಾ ನಾಲ್ಕು ಬಗೆಯಲ್ಲಿ ಆರಿಸಿಕೊಳ್ಳಬಹುದಾದ್ದರಿಂದ ಹೀಗಾಗುತ್ತದೆ. ಈ 160ರಲ್ಲಿ ಪೂರ್ಣಘನಗಳು ಮಾತ್ರ ಎಷ್ಟು? 2ಕ್ಕೆ 0, 3, 6, 9 ಎಂಬ ನಾಲ್ಕು, ಉಳಿದೆರಡಕ್ಕೆ 0, 3 ಎಂಬ ಎರಡೆರಡು ಆಯ್ಕೆ, ಒಟ್ಟು 16. ಇವು 3048ರ 16 ಭಾಜಕಗಳ ಘನಗಳೇ. ಇದಕ್ಕೊಂದು ಕಣ್ಣಿಗೆ ಕಾಣುವ ಅರ್ಥವಿದೆ: ಟಿಎಂಸಿಯ ಆ ಮಹಾ ಟಾಕಿಯನ್ನು ಪೂರ್ಣ ಡೆಸಿಮೀಟರಿನ ಅಳತೆಯ ಸಮಘನಾಕೃತಿಯ ಚಿಕ್ಕ ಟಾಕಿಗಳಿಂದ ಒಂದಿಷ್ಟೂ ಸಂದಿಯಿಲ್ಲದೆ ತುಂಬಲು 16 ಬಗೆಗಳಿವೆ. 2.4 ಮೀಟರ್ ಅಂಚಿನ, 13,824 ಲೀಟರು ಹಿಡಿಸುವ ಟಾಕಿಗಳನ್ನು ಇಟ್ಟರೆ ಪ್ರತಿ ಸಾಲಿಗೆ 127ರಂತೆ ಒಟ್ಟು 20,48,383 ಟಾಕಿಗಳು ಸರಿಯಾಗಿ ಕೂಡುತ್ತವೆ. ನಮ್ಮ ಗಟ್ಟಿ ಕಾಳು ಇಲ್ಲಿ ಟಾಕಿಗಳ ಎಣಿಕೆಯಾಗಿ ಮರಳಿ ಬಂತು.

ಎಲ್ಲ ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಘಾತಗಳನ್ನು 1ರಿಂದ ಆರಂಭಿಸಿ ಕೂಡಿಸಿ, ಆ ಮೊತ್ತಗಳನ್ನು ಗುಣಿಸಬೇಕು. 2ಕ್ಕೆ 1023, 3ಕ್ಕೆ 40, 127ಕ್ಕೆ 1+127+16129+2048383 ಎಂದರೆ 20,64,640. ಮೂರರ ಗುಣಲಬ್ಧ 84,48,50,68,800. ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 56,16,82,22,208. ಅದು ಮೂಲ ಸಂಖ್ಯೆಯ ಹತ್ತಿರಹತ್ತಿರ ಎರಡರಷ್ಟು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚಾಗುವ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನುತ್ತಾರೆ, ಸರಿಸಮವಾದರೆ ಪರಿಪೂರ್ಣ ಸಂಖ್ಯೆ. ನಮ್ಮದು ಸಮೃದ್ಧ ಎಂದು ತಿಳಿಯಲು ನಿಜವಾಗಿ ಇಷ್ಟು ಗುಣಾಕಾರವೂ ಬೇಕಿರಲಿಲ್ಲ. ಪರಿಪೂರ್ಣ ಸಂಖ್ಯೆಯ ಅಪವರ್ತ್ಯಗಳೆಲ್ಲ, ಅದೊಂದನ್ನು ಬಿಟ್ಟು, ಸಮೃದ್ಧವೇ. ಮೊದಲ ಪರಿಪೂರ್ಣ ಸಂಖ್ಯೆಯಾದ 6 ಇದನ್ನು ಭಾಗಿಸುತ್ತದೆ. ನಾಲ್ಕನೆಯದಾದ 8128 ಕೂಡ ಭಾಗಿಸುತ್ತದೆ, ಏಕೆಂದರೆ 8128 ಎಂದರೆ 64×127, ಭಾಗಲಬ್ಧ 34,83,864. ನಡುವಿನ 28 ಮತ್ತು 496 ಹೋಗವು, ಒಂದಕ್ಕೆ 7 ಬೇಕು, ಇನ್ನೊಂದಕ್ಕೆ 31 ಬೇಕು.

ಈ ಸಂಖ್ಯೆಗಿಂತ ಕಡಿಮೆಯಿದ್ದು ಇದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 9,36,46,26,432. ಇದು ವರ್ಗಸಂಖ್ಯೆಯಲ್ಲ; ಬಿಡಿಸ್ಥಾನದ 2 ನೋಡಿದರೇ ಸಾಕು. ಎರಡು ವರ್ಗಗಳ ಮೊತ್ತವಾಗಿಯೂ ಇದನ್ನು ಬರೆಯಲಾಗದು: 4ರಿಂದ ಭಾಗಿಸಿದಾಗ ಶೇಷ 3 ಕೊಡುವ 3 ಮತ್ತು 127 ಎಂಬ ಅವಿಭಾಜ್ಯಗಳು ಇಲ್ಲಿ ಬೆಸ ಘಾತಾಂಕದಲ್ಲಿವೆ, ಅಂಥದು ಒಂದಿದ್ದರೂ ಸಾಕು, ಹಾಗೆ ಬರೆಯಲು ಬರುವುದಿಲ್ಲ.

ದಿನದ ಲೆಕ್ಕಕ್ಕೆ ತಂದರೆ

ಜಲಾಶಯಕ್ಕೆ ದಿನಕ್ಕೆ ಒಂದು ಟಿಎಂಸಿ ನೀರು ಬರಬೇಕಾದರೆ ಒಳಹರಿವು ಎಷ್ಟಿರಬೇಕು? ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡುಗಳು. ಶತಕೋಟಿಯನ್ನು 86,400ರಿಂದ ಭಾಗಿಸಿದರೆ 11574.074074 ಎಂದು 074 ಕೊನೆಯಿಲ್ಲದೆ ಮರುಕಳಿಸುತ್ತದೆ. ಅದೇ ಹರಿವನ್ನು ಲೀಟರಿನಲ್ಲಿ ತೆಗೆದರೆ ಸೆಕೆಂಡಿಗೆ 3,27,741.28 ಎಂದು ಎರಡೇ ದಶಮಾಂಶ ಸ್ಥಾನಕ್ಕೆ ನಿಲ್ಲುತ್ತದೆ. ಕಾರಣ ಅಪವರ್ತನಗಳಲ್ಲಿದೆ. 86,400 ಎಂದರೆ 2ರ 7ನೆಯ ಘಾತ, 3ರ 3ನೆಯ ಘಾತ, 5ರ ವರ್ಗ. ಶತಕೋಟಿಯಲ್ಲಿ 2 ಮತ್ತು 5 ಮಾತ್ರ ಇರುವುದರಿಂದ ಛೇದದಲ್ಲಿ 27 ಹಾಗೆಯೇ ಉಳಿದು ಆವರ್ತ ದಶಮಾಂಶ ಬರುತ್ತದೆ. ಲೀಟರಿನ ಸಂಖ್ಯೆಯಲ್ಲಿಯಾದರೋ 27 ಇದೆ, ಎರಡರ ಮ.ಸಾ.ಅ. ಆದ 3456ನ್ನು ಹೊಡೆದುಹಾಕಿದರೆ ಛೇದದಲ್ಲಿ ಉಳಿಯುವುದು ಬರೀ 25. ಛೇದದಲ್ಲಿ 2 ಮತ್ತು 5ರ ಹೊರತು ಬೇರೆ ಅವಿಭಾಜ್ಯವಿಲ್ಲದಿದ್ದರೆ ದಶಮಾಂಶ ಅಂತ್ಯಗೊಳ್ಳುತ್ತದೆ ಎಂಬ ಹತ್ತನೆಯ ತರಗತಿಯ ಪ್ರಮೇಯವನ್ನು ನಾನು ಈಗ ಆಲಮಟ್ಟಿಯ ಉದಾಹರಣೆಯಿಂದಲೇ ಹೇಳುತ್ತೇನೆ.

ಆದರೆ ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿರಬೇಕು. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಆಗಿನ ಸಂಗ್ರಹ 123.08 ಟಿಎಂಸಿ. ಇದನ್ನು ನಮ್ಮ ಸಂಖ್ಯೆಯಿಂದ ಗುಣಿಸಿ ಲೀಟರಿನ ಬಿಡಿಸ್ಥಾನದವರೆಗೆ ಬರೆಯುವವರನ್ನು ಕಂಡಿದ್ದೇನೆ. ಟಿಎಂಸಿಗೆ ಎಷ್ಟು ಲೀಟರೆಂಬುದು ವ್ಯಾಖ್ಯೆಯಿಂದ ಬಂದದ್ದು, ಅದು ಪಕ್ಕಾ, 123.08 ಎಂಬುದು ನೆಲವನ್ನು ಅಳೆದು ಬಂದದ್ದು, ಅದರಲ್ಲಿ ಐದೇ ಅಂಕಿಗಳಿವೆ. ಉತ್ತರವನ್ನು ಸುಮಾರು 3 ಲಕ್ಷ 48 ಸಾವಿರದ 500 ಕೋಟಿ ಲೀಟರು ಎಂದು ಹೇಳಿ ಸುಮ್ಮನಾಗಬೇಕು.

ಕಂಪ್ಯೂಟರಿನಲ್ಲಿ ಮಾಡುವವರಿಗೂ ಒಂದು ಮಾತು. ನಮ್ಮ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆಯಲು 35 ಬಿಟ್ ಬೇಕು, ಕೊನೆಯ ಒಂಬತ್ತು ಬಿಟ್‌ಗಳು ಸೊನ್ನೆ. 32 ಬಿಟ್‌ನ ಪೂರ್ಣಾಂಕದಲ್ಲಿ ಇಟ್ಟರೆ ಅದು ಉಕ್ಕಿ 2547042816 ಎಂದೋ, ಋಣಚಿಹ್ನೆಗೂ ಜಾಗ ಕೊಟ್ಟಿದ್ದರೆ −1747924480 ಎಂದೋ ಕಾಣಿಸಬಹುದು. ಎರಡನೆಯದು ಋಣಸಂಖ್ಯೆಯಾದ್ದರಿಂದ ಯಾರಿಗಾದರೂ ಅನುಮಾನ ಬರುತ್ತದೆ. ಮೊದಲನೆಯದು ಮಾತ್ರ ಸಂಭಾವಿತನಂತೆ ಕೂತಿರುತ್ತದೆ. ಅದರ ಅಂಕಿಗಳನ್ನು ಕೂಡಿ: 39. ಒಂಬತ್ತಕ್ಕೆ ಹೋಗದು. ಸ್ಥಾನಪಲ್ಲಟವನ್ನು ಹಿಡಿಯದ ಒಂಬತ್ತರ ಪರೀಕ್ಷೆ ಇಲ್ಲಿ ಕಳ್ಳನನ್ನು ಹಿಡಿಯಿತು.

ಕೈಪಳಗಿಸಿಕೊಳ್ಳಲು ಎರಡು ಸಂಖ್ಯೆಗಳು

ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ, ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊರಳಿನ ಹಾರಕ್ಕೆ ಹೋಲಿಸಿ ಗುಣಾಕಾರದ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಒಂದು 27994681×441, ಉತ್ತರ 12345654321. ಉತ್ತರವನ್ನು ಮಾತ್ರ ಇಟ್ಟುಕೊಂಡು ಬಿಡಿಸಲು ತೊಡಗಿ. ಅಂಕಿಗಳ ಮೊತ್ತ 36; 9ರಿಂದ ಭಾಗಿಸಿದರೆ 1371739369. ಮೂರಂಕಿ ಗುಂಪುಗಳನ್ನು ಒಂದು ಬಿಟ್ಟು ಒಂದು ಕಳೆದರೆ 369−739+371−1, ಅಂದರೆ ಸೊನ್ನೆ. 1001 ಇಡಿಯಾಗಿ ಹೋಗುತ್ತದೆ ಎಂದರ್ಥ, ಭಾಗಿಸಿದರೆ 1370369. ಮತ್ತೆ 369−370+1 ಸೊನ್ನೆಯೇ. ಮತ್ತೊಮ್ಮೆ 1001ರಿಂದ ಭಾಗಿಸಿದರೆ 1369, ಅದು 37ರ ವರ್ಗ. 3, 7, 11, 13, 37 ಐದರ ಘಾತಾಂಕವೂ 2. ಹಿಂದೆ ಮೂರರ ಅಪವರ್ತ್ಯಗಳನ್ನು ಕಂಡು ಘನವೆಂದು ಸಂಶಯಿಸಿದಂತೆ ಇಲ್ಲಿ ಎರಡುಗಳನ್ನು ಕಂಡೊಡನೆ ವರ್ಗವೆಂದು ತಿಳಿಯಬೇಕು: ಇದು 1,11,111ರ ವರ್ಗ. ಆಚಾರ್ಯನ 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಹಾರದ ಮಣಿಗಳನ್ನು ಆತ ಎಲ್ಲಿ ಬಿಡಿಸಿ ಎರಡು ಭಾಗ ಮಾಡಿದ್ದಾನೆಂಬುದು ಹೀಗೆ ತಿಳಿಯುತ್ತದೆ.

ಎಲ್ಲ ಸಂಖ್ಯೆಗಳೂ ಇಷ್ಟು ಸೊಗಸಾಗಿ ಒಡೆಯುವುದಿಲ್ಲ. ವಿಜಯಪುರದ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 586101 ತೆಗೆದುಕೊಳ್ಳಿ. ಅಂಕಿಗಳ ಮೊತ್ತ 21; 3ರಿಂದ ಒಂದು ಸಲ ಹೋಗಿ 195367 ಉಳಿಯುತ್ತದೆ. 367−195 ಎಂದರೆ 172. 7, 11, 13 ಯಾವುದೂ ಹೋಗದು. ಘಾತಾಂಕದಲ್ಲಿ ಬರೀ 1 ಇರುವುದರಿಂದ ವರ್ಗ, ಘನಗಳ ಸಂಶಯಕ್ಕೂ ಆಸ್ಪದವಿಲ್ಲ. ಇಲ್ಲಿ ಉಳಿದಿರುವುದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋಗುವ ದಾರಿಯೊಂದೇ. 17ರಿಂದ ಹೊರಟರೆ 73ರವರೆಗೆ ಹದಿನೈದು ಭಾಗಾಕಾರಗಳು ವ್ಯರ್ಥವಾಗುತ್ತವೆ. ಹದಿನಾರನೆಯದಾದ 79ಕ್ಕೆ ಶೇಷವಿಲ್ಲದೆ 2473 ಸಿಗುತ್ತದೆ. 2473ರ ವರ್ಗಮೂಲ 50ರೊಳಗೆ ಇದೆ, ಅಷ್ಟರೊಳಗಿನ ಅವಿಭಾಜ್ಯಗಳನ್ನೆಲ್ಲ 195367ರ ಮೇಲೆಯೇ ಪರೀಕ್ಷಿಸಿ ಮುಗಿಸಿದ್ದೇವೆ. ಅದರ ಭಾಜಕವಾದ 2473ಕ್ಕೂ ಅವು ಹೋಗವು. ಆದ್ದರಿಂದ ಅದು ಅವಿಭಾಜ್ಯ, ಹೊಸ ಭಾಗಾಕಾರ ಒಂದೂ ಬೇಡ. 586101 ಎಂದರೆ 3×79×2473, ಭಾಜಕಗಳು ಎಂಟು. ಬಾಗಲಕೋಟೆಯವರು 587101ನ್ನೂ ಬೆಳಗಾವಿಯವರು 590001ನ್ನೂ ತಾವೇ ಬಿಡಿಸಿಕೊಳ್ಳಬಹುದು. ಅಂಚಿನಲ್ಲಿ 9 ಮತ್ತು 11ರ ಶೇಷಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ.